ಗೊತ್ತಾಗದ ನಷ್ಟ

ಅಪ್ಪ ಒಂದು ಹಿಡಿ ಬಗಾಸು ನನ್ನ ಅಂಗೈಗೆ ಹಾಕಿ “ಹಿಂಡು” ಅಂದರು. ಒಂದರ ಹಿಂದೆ ಒಂದರಂತೆ ನಾಲ್ಕು ಗಾಣ ದಾಟಿ ಬಂದ ಕಬ್ಬಿನ ಸಿಪ್ಪೆ ಅದು. ಇನ್ನೂ ಬೆಚ್ಚಗಿತ್ತು. ಎಷ್ಟು ಹಿಂಡಿದರೂ ಕೈ ತೇವವಾಯಿತೇ ಹೊರತು ಒಂದು ಹನಿ ಬೀಳಲಿಲ್ಲ.

“ಏನರೆ ಬಂತೇನು?”

“ಇಲ್ಲಪ್ಪಾ.”

“ಬರಲ್ಲ. ಆದ್ರ ಇದ್ರಾಗ ಇನ್ನಾ ಸಕ್ಕರಿ ಅದ. ನೂರು ಕೇಜಿ ಬಗಾಸಿನ್ಯಾಗ ಎರಡು ಕೇಜಿ.”

ನಾನಾಗ ಆರನೆಯ ಇಯತ್ತೆ. ಹಳ್ಳಿಖೇಡ (ಬಿ)ಯ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅಪ್ಪನಿಗೆ ಕೆಲಸ. ಅವರಿಗೆ ಎರಡನೆಯ ಪಾಳಿ ಬಿದ್ದ ದಿನ ಅಣ್ಣ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ರೊಟ್ಟಿಯ ಗಂಟು ಮುಟ್ಟಿಸಲು ಹೋಗುತ್ತಿದ್ದ. ಹಂಗಾಮಿನಲ್ಲಿ ಕಾರ್ಖಾನೆಯ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಗಾಡಿಯ ಕೆಳಗೆ ಲಾಟೀನು, ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದ ಗಾಡಿಯವರು. ಕಡಿದ ಕಬ್ಬು ಒಂದು ದಿನ ಕಾದರೆ ಒಣಗಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಕೆಡುತ್ತದೆ. ಮಲಗಿದವರಿಗೆ ಆ ಚಿಂತೆಯಿಂದ ನಿದ್ದೆ ಬರುತ್ತಿರಲಿಲ್ಲ ಎಂದು ತಿಳಿದದ್ದು ನಾನು ದೊಡ್ಡವಳಾದ ಮೇಲೆ.

ಪ್ರಯೋಗಾಲಯದ ಮೇಜಿನ ಮೇಲೆ ಒಂದು ದೊಡ್ಡ ರಿಜಿಸ್ಟರು. ರಸದ ಬ್ರಿಕ್ಸ್, ಅಂದರೆ ಕರಗಿದ ಘನಾಂಶ, ಎಷ್ಟು, ಪೋಲ್, ಅಂದರೆ ಸಕ್ಕರೆಯ ಅಂಶ, ಎಷ್ಟು, ಪ್ಯೂರಿಟಿ ಎಷ್ಟು ಎಂದು ಅಪ್ಪ ತಾಸುತಾಸಿಗೆ ಅದರಲ್ಲಿ ಬರೆಯುತ್ತಿದ್ದರು. ದಿನದ ಕೊನೆಗೆ ನಷ್ಟದ ಲೆಕ್ಕ. ಬಗಾಸಿನಲ್ಲಿ ಹೋದ ಸಕ್ಕರೆ ಇಷ್ಟು, ರಸ ಸೋಸಿ ಉಳಿದ ಪ್ರೆಸ್ ಮಡ್ಡಿಯಲ್ಲಿ ಹೋದದ್ದು ಇಷ್ಟು, ಕಾಕಂಬಿಯಲ್ಲಿ ಉಳಿದದ್ದು ಇಷ್ಟು. ಇವುಗಳ ಜೊತೆಗೆ ಚೀಲಕ್ಕೆ ಬಂದ ಸಕ್ಕರೆಯನ್ನು ಕೂಡಿಸಿದರೆ ಕಬ್ಬಿನ ಜೊತೆ ಒಳಗೆ ಬಂದ ಸಕ್ಕರೆಗೆ ಸಮ ಬರಬೇಕು. ಎಂದೂ ಬರುವುದಿಲ್ಲ. ಎಲ್ಲೋ ಒಂದು ಪೈಪು ಸೋರಿರುತ್ತದೆ, ಎಲ್ಲೋ ರಸ ಹುಳಿದಿರುತ್ತದೆ, ಎಲ್ಲೋ ತೂಕ ತಪ್ಪಿರುತ್ತದೆ. ಹಾಗೆ ಹೊಂದದೆ ಉಳಿಯುವ ಅಂಕಿಗೂ ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ. ಅಪ್ಪ ಅದನ್ನು ‘ಗೊತ್ತಾಗದ ನಷ್ಟ’ ಅನ್ನುತ್ತಿದ್ದರು. ಸಕ್ಕರೆ ಕಾರ್ಖಾನೆಗಳೆಲ್ಲ ಈ ಲೆಕ್ಕ ಇಡುತ್ತವೆ. ಆ ಕಾಲಂ ದೊಡ್ಡದಾದ ದಿನ ಅಪ್ಪ ಮನೆಗೆ ತಡವಾಗಿ ಬರುತ್ತಿದ್ದರು.

ಅಪ್ಪ ಎಲ್ಲ ಸಕ್ಕರೆಯನ್ನೂ ಹಿಂಡಿ ತೆಗೆಯಬೇಕು ಅನ್ನುವವರಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಕೊನೆಯ ಗಾಣಕ್ಕೆ ಹೋಗುವ ಮುಂಚೆ ಬಗಾಸಿನ ಮೇಲೆ ಬಿಸಿನೀರು ಚಿಮುಕಿಸುತ್ತಾರೆ. ನೀರು ಹೆಚ್ಚು ಹಾಕಿದಷ್ಟೂ ಸಕ್ಕರೆ ಹೆಚ್ಚು ಹೊರಬರುತ್ತದೆ. ಆದರೆ ಆ ನೀರನ್ನೆಲ್ಲ ಮುಂದೆ ಕುದಿಸಿ ಹಾರಿಸಬೇಕು, ಅದಕ್ಕೆ ಉಗಿ ಬೇಕು, ಉಗಿಗೆ ಅದೇ ಬಗಾಸನ್ನು ಉರಿಸಬೇಕು. ಒಂದು ಹಂತ ದಾಟಿದರೆ ಸಿಗುವ ಸಕ್ಕರೆಗಿಂತ ಸುಡುವ ಉರಿಯೇ ಜಾಸ್ತಿ. “ಎಷ್ಟು ಬಿಡ್ಬೇಕು ಅಂತ ತಿಳಕೊಂಡು ಬಿಡ್ಬೇಕು. ಬಿಟ್ಟಿದ್ದು ಬರೀಬೇಕು,” ಅನ್ನುತ್ತಿದ್ದರು. ಖರ್ಚು ನೋಡುವುದು ಅವರಿಗೆ ತಪ್ಪಾಗಿ ಕಂಡಿರಲಿಲ್ಲ. ಬರೆಯದೆ ಬಿಡುವುದು ತಪ್ಪಾಗಿ ಕಾಣುತ್ತಿತ್ತು.

2001ರಲ್ಲಿ ನಾನು ಬಿಎಸ್ಸಿ ಮುಗಿಸಿದಾಗ ಬೆಂಗಳೂರಿನಲ್ಲಿ ಕೆಲಸವಿದೆ ಎಂದು ಗೆಳತಿಯೊಬ್ಬಳು ಪತ್ರ ಬರೆದಳು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ ಹೇಳಿ ಧ್ವನಿಮುದ್ರಿಸಿದ್ದನ್ನು ಇಲ್ಲಿ ಕೇಳಿ ಬೆರಳಚ್ಚು ಮಾಡಿ ಕಳಿಸಬೇಕು. ಪ್ರಾಣಿಶಾಸ್ತ್ರ ಓದಿದವರಿಗೆ ದೇಹದ ಅಂಗಾಂಗಗಳ ಹೆಸರು ಬರುತ್ತವೆ ಅನ್ನುವುದೇ ಅರ್ಹತೆ. ರಾತ್ರಿ ಪಾಳಿಯ ಕೆಲಸಕ್ಕೆ ಹುಡುಗಿಯನ್ನು ಅಷ್ಟು ದೂರ ಕಳಿಸುವುದೇ ಎಂದು ಓಣಿಯಲ್ಲಿ ಮಾತಾಯಿತು. ಅಪ್ಪ ಒಂದೇ ಮಾತು ಹೇಳಿದರು: “ರಾತ್ರಿ ಪಾಳಿ ನಾನೂ ಮಾಡೀನಿ.” ಅದರ ಮೇಲೆ ಯಾರೂ ಮಾತಾಡಲಿಲ್ಲ.

ಹೋಗುವ ಮುಂಚೆ ಅವ್ವ ನನ್ನನ್ನು ಬಸವಕಲ್ಯಾಣಕ್ಕೆ ಕರೆದೊಯ್ದಳು. ನುಲಿಯ ಚಂದಯ್ಯನ ಗವಿಯ ಮುಂದೆ ಕುಳಿತು ಬುತ್ತಿ ಬಿಚ್ಚಿ, ತನ್ನ ತಾಯಿ ಹೇಳಿದ ಕಥೆಯನ್ನು ನನಗೆ ಹೇಳಿದಳು. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವವನು. ಒಂದು ದಿನ ಅವನ ಹಗ್ಗಕ್ಕೆ ಬಸವಣ್ಣನವರು ರೂಢಿಯ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟರಂತೆ. ಇದು ಹಗ್ಗದ ಬೆಲೆಯಲ್ಲ ಎಂದು ಚಂದಯ್ಯ ಒಪ್ಪಲಿಲ್ಲವಂತೆ. ಪಟ್ಟಣದಲ್ಲಿ ದುಡ್ಡಿಗೆ ಆಸೆಪಡಬೇಡ ಎಂಬುದು ಅವ್ವನ ತಾತ್ಪರ್ಯವಾಗಿತ್ತು. ನನಗೆ ಆಮೇಲೆ ಆ ಕಥೆ ತಿರುಗಿ ನಿಂತು ಕಾಡಿತು. ಹಗ್ಗಕ್ಕೊಂದು ಸರಿಯಾದ ಬೆಲೆಯಿದ್ದರೆ, ಅದಕ್ಕಿಂತ ಕಡಿಮೆ ಕೊಟ್ಟಾಗ ಏನಾಗುತ್ತದೆ? ಹೊಸೆಯುವವನು ಒಂದು ಎಳೆ ಕಡಿಮೆ ಮಾಡುತ್ತಾನೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೊಡ ಬಾವಿಗೆ ಬಿದ್ದ ದಿನ ತಿಳಿಯುತ್ತದೆ.

ಗುಲ್ಬರ್ಗದ ತನಕ ಬಸ್ಸು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್. ಈಗಿನ ಹುಡುಗರಿಗೆ ಇದು ಆಶ್ಚರ್ಯ. ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ನಾನು ಹೋದಾಗ ಬೆಂಗಳೂರಿಗೆ ಹೊರಗಿನ ಕೆಲಸ ಬರತೊಡಗಿ ಹದಿನಾರು ವರ್ಷವಾಗಿತ್ತು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ ಅದರ ಉಪಗ್ರಹ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂತು ಎಂಬ ಕಥೆಯನ್ನು ನಮ್ಮ ಆಫೀಸಿನಲ್ಲಿ ಹೊಸಬರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ಕಾರ್ಖಾನೆಯ ಗೇಟಿನ ಮುಂದಿನ ಸಾಲು ನೆನಪಾಗಿ ಮನೆಯ ನೆನಪು ಒತ್ತರಿಸಿ ಬಂತು.

ಕಿವಿಗೆ ಹೆಡ್‌ಫೋನು, ಕಾಲಡಿ ಫುಟ್ ಪೆಡಲ್. ಪೆಡಲ್ ಒತ್ತಿದರೆ ಮಾತು ಮುಂದೆ ಹೋಗುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದೆ. ಅಲ್ಲಿಯ ಹಗಲು ನಮಗೆ ರಾತ್ರಿ. ವೈದ್ಯರು ಹಗಲಲ್ಲಿ ಹೇಳಿ ಸಂಜೆ ಮನೆಗೆ ಹೋದರೆ ಮರುದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ವರದಿ ಇರಬೇಕು. 65 ಅಕ್ಷರಕ್ಕೆ ಒಂದು ಸಾಲು, ಸಾಲಿಗೆ ಇಷ್ಟು ಎಂದು ದರ. ಕೆಲವು ವೈದ್ಯರು ತಿನ್ನುತ್ತಾ ಮಾತಾಡುತ್ತಿದ್ದರು, ಕೆಲವರು ಕಾರು ಓಡಿಸುತ್ತಾ. ಹಲವರು ಬೇರೆ ದೇಶಗಳಿಂದ ಅಲ್ಲಿಗೆ ಹೋದವರು, ಅವರ ಇಂಗ್ಲಿಷು ನಮಗೂ ಹೊಸದು, ಅಲ್ಲಿಯವರಿಗೂ ಹೊಸದು. ‘ಹೈಪೋ’ ಅಂದರೋ ‘ಹೈಪರ್’ ಅಂದರೋ ಎಂದು ಒಂದೇ ಕ್ಷಣವನ್ನು ಮೂವತ್ತು ಸಲ ಕೇಳಿದ ರಾತ್ರಿಗಳಿವೆ. ಒಂದು ಅಕ್ಷರದ ಅಂತರದಲ್ಲಿ ರಕ್ತದೊತ್ತಡ ಮೇಲಿನದು ಕೆಳಗಾಗುತ್ತದೆ.

2002ರಲ್ಲಿ ನಮಗೆ ಕಲಿಸಲು ಅಮೆರಿಕದಿಂದ ಒಬ್ಬ ಹೆಂಗಸು ಬಂದರು. ವಯಸ್ಸು ಐವತ್ತರ ಮೇಲೆ. ಇಪ್ಪತ್ತಮೂರು ವರ್ಷ ಒಂದೇ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದವರು. ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಉದ್ದನೆಯ ಗೆರೆ ಎಳೆದು, ಇದು ನಿಮ್ಮ ಅತ್ಯುತ್ತಮ ಉಪಕರಣ ಅಂದರು. ಖಾಲಿ ಗೆರೆ. ಕೇಳಿಸದ ಕಡೆ ಊಹೆ ಮಾಡಬೇಡಿ, ಗೆರೆ ಬಿಡಿ, ವೈದ್ಯರು ಸಹಿ ಮಾಡುವ ಮುಂಚೆ ತುಂಬಿಕೊಳ್ಳುತ್ತಾರೆ. ತಪ್ಪು ಪದ ಸರಿಯಾದ ಪದದ ಹಾಗೆಯೇ ಕಾಣುತ್ತದೆ, ಗೆರೆ ಮಾತ್ರ ಇಲ್ಲಿ ಏನೋ ಗೊತ್ತಾಗಿಲ್ಲ ಎಂದು ಕೂಗಿ ಹೇಳುತ್ತದೆ. ಅವರು ಹೀಗೆ ಹೇಳಿದಾಗ ನನ್ನ ಕಣ್ಣ ಮುಂದೆ ಅಪ್ಪನ ರಿಜಿಸ್ಟರಿನ ಆ ಕೊನೆಯ ಕಾಲಂ ಬಂದು ನಿಂತಿತು. ಸಂಜೆ ಅವರಿಗೆ ಅದರ ಬಗ್ಗೆ ಹೇಳಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಬಗಾಸು, ಕಾಕಂಬಿ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

ಆಮೇಲೆ ನಾವಿಬ್ಬರೂ ಊಟದ ಬಿಡುವಿನಲ್ಲಿ ಒಟ್ಟಿಗೆ ಕೂರುತ್ತಿದ್ದೆವು. ನನ್ನ ಊರಿನ ಹೆಸರಿನ ಕೊನೆಗೆ ಕಂಸದೊಳಗೆ ಒಂದು ಅಕ್ಷರ ಯಾಕಿದೆ ಎಂದು ಒಮ್ಮೆ ಕೇಳಿದರು. ಬಿ ಅಂದರೆ ಬುಜುರ್ಗ್, ದೊಡ್ಡದು. ನಮ್ಮ ತಾಲ್ಲೂಕಿನಲ್ಲೇ ಹಳ್ಳಿಖೇಡ (ಕೆ) ಅಂತ ಇನ್ನೊಂದಿದೆ, ಅದು ಖುರ್ದ್, ಸಣ್ಣದು. ನಿಜಾಮರ ಕಾಲದ ಫಾರಸಿ ಲೆಕ್ಕಪತ್ರದಿಂದ ಉಳಿದದ್ದು ಎಂದೆ. ಒಂದು ಅಕ್ಷರ ತಪ್ಪಿದರೆ ಟಪಾಲು ಬೇರೆ ಊರಿಗೆ ಹೋಗುತ್ತದೆ ಎಂದಾಗ ಅವರು ತಲೆದೂಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಅವರು ಹೇಳಿದ್ದರಲ್ಲಿ ನನಗೆ ಮರೆಯಲಾಗದ್ದು ಅವರ ಕೆಲಸದ ಕೋಣೆಯ ವಿಷಯ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಟು ಹೆಂಗಸರು ಕೂತು ಬೆರಳಚ್ಚು ಮಾಡುತ್ತಿದ್ದರಂತೆ. ಪದ ಕೇಳಿಸದಿದ್ದರೆ ಇವರು ಹಾಳೆ ಹಿಡಿದು ಮೆಟ್ಟಿಲು ಹತ್ತಿ ವೈದ್ಯರನ್ನೇ ಕೇಳುತ್ತಿದ್ದರಂತೆ. ಯಾವ ವೈದ್ಯ ಯಾವ ಔಷಧಿ ಬರೆಯುತ್ತಾನೆ, ಯಾರು ದಣಿದಾಗ ಎಡ ಅನ್ನುವ ಬದಲು ಬಲ ಅನ್ನುತ್ತಾನೆ ಎಂದೆಲ್ಲ ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆಗೆ ಸಂಬಳದ ಚೀಟಿಯಲ್ಲಿ ಬೇರೆ ಕಾಲಂ ಇರಲಿಲ್ಲ. ಹಾಗಾಗಿ ಅಲ್ಲಿಯ ಸಾಲಿನ ದರವನ್ನು ಇಲ್ಲಿಯ ಸಾಲಿನ ದರಕ್ಕೆ ಹೋಲಿಸಿ ಲೆಕ್ಕ ಹಾಕಿದವರಿಗೆ ಅದು ಕಾಣಲೂ ಇಲ್ಲ.

ಆರು ವಾರದ ತರಬೇತಿಯ ಕೊನೆಯ ದಿನ ಅವರು ನಮಗೆಲ್ಲ ಒಂದೊಂದು ಪೆನ್ನು ಕೊಟ್ಟರು. ನಾವು ಕಲಿತು ಮುಗಿಸಿದ್ದರಿಂದ ಅವರ ನೆಲಮಾಳಿಗೆಯ ಕೋಣೆ ಆ ವರ್ಷದ ಕೊನೆಗೆ ಮುಚ್ಚುವುದಿತ್ತು ಎಂದು ಆಗ ತಿಳಿಯಿತು. ಅವರೇ ಹೇಳಿದರು, ಕಣ್ಣೀರಿಲ್ಲದೆ. ನಿಮ್ಮ ಮೇಲೆ ಸಿಟ್ಟಿಲ್ಲ, ಚೆನ್ನಾಗಿ ಮಾಡಿ ಅಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಇಂದಿಗೂ ಆ ಪೆನ್ನು ನನ್ನ ಬಳಿ ಇದೆ.

ಮೊದಲ ಒಂದೂವರೆ ವರ್ಷ ನಮ್ಮ ಕೆಲಸ ಅವರ ಕೋಣೆಯ ಕೆಲಸಕ್ಕೆ ಸಮನಾಗಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಭಾರತಕ್ಕೆ ಕೊಟ್ಟರೆ ಗುಣಮಟ್ಟ ಕೆಡುತ್ತದೆ ಎಂಬ ಮಾತು ಸುಲಭವಾಗಿ ಬಂತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಧ್ವನಿ ಕೇಳಿಯೇ ತಿದ್ದುತ್ತಿದ್ದರು, ಮೂರನೆಯವರು ಓದುತ್ತಿದ್ದರು. ಸಮುದ್ರ ದಾಟಿದ್ದರಿಂದ ಕೆಲಸ ಕೆಡಲಿಲ್ಲ. ದರ ಇನ್ನೂ ಇಳಿಯಬೇಕು ಎಂದಾಗ ಕೆಟ್ಟಿತು. ಮೊದಲು ಮೂರನೆಯ ಓದು ಹೋಯಿತು. ಆಮೇಲೆ ಎರಡನೆಯ ಓದು ಹತ್ತಕ್ಕೊಂದು ವರದಿಗೆ ಇಳಿಯಿತು. ಕೊನೆಗೆ ಗೆರೆಯ ಮೇಲೆ ಕಣ್ಣು ಬಿತ್ತು. ವರದಿಯಲ್ಲಿ ಗೆರೆಗಳಿದ್ದರೆ ಗಿರಾಕಿಗೆ ಬೇಸರ, ಒಂದು ವರದಿಗೆ ಇಷ್ಟಕ್ಕಿಂತ ಹೆಚ್ಚು ಗೆರೆ ಇದ್ದರೆ ಅಂಕ ಕಡಿತ ಎಂದು ನೋಟಿಸು ಬಂತು. ಅಂದಿನಿಂದ ನಮ್ಮ ಕೋಣೆಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸತೊಡಗಿತು.

2003ರ ಶರತ್ಕಾಲದಲ್ಲಿ ಎರಡು ಸುದ್ದಿ ಒಂದರ ಹಿಂದೆ ಒಂದು ಬಂದವು. ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರಾಚಿಯಿಂದ ಒಂದು ಇ–ಮೇಲ್ ಹೋಯಿತು. ಕಳಿಸಿದವಳು ನಮ್ಮದೇ ಕೆಲಸದ ಹೆಂಗಸು. ಬಾಕಿ ಕೂಲಿ ಕೊಡಿಸಿ, ಇಲ್ಲವಾದರೆ ರೋಗಿಗಳ ದಾಖಲೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತೇನೆ ಎಂದಿದ್ದಳು. ಬೆದರಿಕೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಯಲಾದ ದಾರಿ ನೋಡಿ ನಾವೆಲ್ಲ ಸುಮ್ಮನಾದೆವು. ಆಸ್ಪತ್ರೆ ಕೆಲಸ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಗೆ. ಅಲ್ಲಿಂದ ಫ್ಲಾರಿಡಾದ ಒಬ್ಬರಿಗೆ, ಅಲ್ಲಿಂದ ಟೆಕ್ಸಸ್‌ನ ಇನ್ನೊಬ್ಬರಿಗೆ, ಅಲ್ಲಿಂದ ಕರಾಚಿಗೆ. ತನ್ನ ರೋಗಿಗಳ ಮಾತು ಕರಾಚಿಗೆ ಹೋಗುತ್ತಿದೆ ಎಂಬುದೇ ಆಸ್ಪತ್ರೆಗೆ ಗೊತ್ತಿರಲಿಲ್ಲ. ಕೈಯಿಂದ ಕೈಗೆ ಹೋದಷ್ಟೂ ಪ್ರತಿಯೊಬ್ಬರೂ ತಮ್ಮ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸಿದ್ದರು. ಕೊನೆಯವಳಿಗೆ ಬಗಾಸು.

ನವೆಂಬರಿನಲ್ಲಿ ಡೆಲ್ ಕಂಪನಿಯ ಸುದ್ದಿ. ಕಂಪನಿಗಳಿಗೆಂದು ಮಾರುವ ತನ್ನ ಎರಡು ಬಗೆಯ ಕಂಪ್ಯೂಟರುಗಳ ಸಹಾಯದ ಕರೆಗಳನ್ನು ಅದು ಬೆಂಗಳೂರಿನಿಂದ ತೆಗೆದು ಅಮೆರಿಕದ ಕೇಂದ್ರಗಳಿಗೆ ಒಯ್ದಿತು. ಗಿರಾಕಿಗಳ ದೂರು ಕಾರಣ. ಪತ್ರಿಕೆಗಳಲ್ಲಿ ಇದು ಬೆಂಗಳೂರಿನ ಸೋಲು ಎಂಬಂತೆ ಬಂತು. ನಾನು ಗಮನಿಸಿದ್ದು ಇನ್ನೊಂದನ್ನು: ಮನೆಬಳಕೆಗೆ ಕಂಪ್ಯೂಟರು ಕೊಂಡವರ ಕರೆಗಳು ಬೆಂಗಳೂರಿನಲ್ಲೇ ಉಳಿದವು. ಸಗಟಾಗಿ ಕೊಳ್ಳುವವರ ದೂರಿಗೆ ತೂಕವಿತ್ತು, ಅವರ ಮಟ್ಟಿಗೆ ಗುಣಮಟ್ಟವೇ ಗೆದ್ದಿತು. ಒಂದೊಂದೇ ಕೊಳ್ಳುವವರ ಮಟ್ಟಿಗೆ ಬೆಲೆ ಗೆದ್ದಿತು. ಒಂದೇ ಕಂಪನಿ, ಒಂದೇ ತಿಂಗಳು. ಯಾರ ನಷ್ಟ ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ತಪ್ಪು ನಡೆದದ್ದು 2005ರ ಮಳೆಗಾಲದಲ್ಲಿ. ಮುದುಕಿಯೊಬ್ಬಳ ವರದಿ, ಪ್ರೆಡ್ನಿಸೋನ್ ಮಾತ್ರೆ. ಫಿಫ್ಟೀನ್ ಅಂದರೋ ಫಿಫ್ಟಿ ಅಂದರೋ ತಿಳಿಯಲಿಲ್ಲ. ಆ ಔಷಧಿಯನ್ನು ರೋಗ ನೋಡಿ ಎರಡೂ ಪ್ರಮಾಣದಲ್ಲಿ ಕೊಡುವುದುಂಟು. ಆ ವರದಿಯಲ್ಲಿ ಆಗಲೇ ಬಿಡಬಹುದಾದಷ್ಟು ಗೆರೆ ಬಿಟ್ಟಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ, ಇನ್ನೂ ಹನ್ನೊಂದು ಕಡತ ಬಾಕಿ. 50 ಎಂದು ಬರೆದು ಕಳಿಸಿದೆ. ಎರಡು ದಿನದ ಮೇಲೆ ಅದು ತಿರುಗಿ ಬಂತು. ಸಹಿ ಮಾಡುವ ಮುಂಚೆ ಓದಿದ ವೈದ್ಯರು 15 ಎಂದು ತಿದ್ದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆ ತಿಂಗಳು ನನ್ನ ನಿಖರತೆ ಶೇಕಡಾ 98.5ರ ಮೇಲೆಯೇ ಇತ್ತು, ಪಾಸು. ನೂರು ಸಾಲಿಗೆ ಒಂದೂವರೆ ಸಾಲು ತಪ್ಪಿದರೆ ನಡೆಯುತ್ತದೆ ಎನ್ನುವ ಆ ಅಂಕಿಗೆ, ತಪ್ಪಿದ ಸಾಲಿನಲ್ಲಿ ಮುದುಕಿಯ ಮಾತ್ರೆ ಇತ್ತೋ ವಿಳಾಸ ಇತ್ತೋ ಎಂಬುದು ತಿಳಿಯದು. ಓದದೆ ಸಹಿ ಮಾಡುವ ವೈದ್ಯರೂ ಇರುತ್ತಾರೆ ಎಂದು ನಮಗೆ ಕಲಿಸಿದ ಆ ಅಮೆರಿಕದ ಹೆಂಗಸು ಹೇಳಿದ್ದರು. ನಾನು ಅದಕ್ಕೂ ಮುಂಚೆ ಊಹಿಸಿ ಬರೆದು ಕಳಿಸಿದ, ತಿರುಗಿ ಬಾರದ ಕಡತಗಳ ಲೆಕ್ಕ ನನ್ನ ಬಳಿ ಇಲ್ಲ.

ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಆಗಲೇ ನಿವೃತ್ತರು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಕೇಳಿದರು. ಬೈಯಬಹುದು, ಇಲ್ಲ ಸಮಾಧಾನ ಮಾಡಬಹುದು ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಕಡಿಮಿ ರೊಕ್ಕದಾಗ ಮಾಡ್ಬೇಕಂದ್ರ ಏನರೆ ಬಿಡ್ಬೇಕಾಗ್ತದ. ಅದು ಖರೆ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಬಿಟ್ಟಿದ್ದು ಎಲ್ಲಿ ಬರೀತೀರಿ?”

“ಎಲ್ಲೀನೂ ಇಲ್ಲಪ್ಪಾ.”

“ಒಂದು ಕಾಲಂ?”

“ಇಲ್ಲ.”

ಅವರು ಮತ್ತೇನೂ ಕೇಳಲಿಲ್ಲ. ನಮ್ಮ ಕಡೆ ಕಬ್ಬಿನ ರೈತನಿಗೂ ಟನ್ನಿನ ಮೇಲೆ ದುಡ್ಡು. ಅವನ ಕಬ್ಬು ಎಷ್ಟೇ ಸಿಹಿಯಿದ್ದರೂ ಚೀಟಿಯಲ್ಲಿ ಬರುವುದು ತೂಕ, ಸರ್ಕಾರದ ಬೆಲೆ ಕಟ್ಟಿರುವುದು ಇಡೀ ಕಾರ್ಖಾನೆಯ ಸರಾಸರಿ ಇಳುವರಿಗೆ. ಒಳ್ಳೆಯ ಕಬ್ಬು ಬೆಳೆದವನ ಶ್ರಮ ಆ ಸರಾಸರಿಯಲ್ಲಿ ಕರಗಿ ಹೋಗುವುದನ್ನು ಅಪ್ಪ ಮೂವತ್ತು ಹಂಗಾಮು ನೋಡಿದವರು. ಸಾಲಿಗೆ ಇಷ್ಟು ಎಂಬ ನನ್ನ ದರ ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಆ ಕೆಲಸ ನಮಗೆ ಕೊಟ್ಟದ್ದನ್ನು ನಾನು ಮುಚ್ಚಿಡಲಾರೆ. ನಮ್ಮ ಮಣ್ಣಿನ ಮಾಳಿಗೆಯ ಮನೆಗೆ ಸ್ಲ್ಯಾಬು ಬಿದ್ದದ್ದು ಆ ಹಣದಿಂದ. ತಂಗಿ ನರ್ಸಿಂಗ್ ಓದಿದ್ದು, ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆ ಆದದ್ದು ಅದರಿಂದ. ನೆಲಮಾಳಿಗೆಯ ಆ ಎಂಟು ಹೆಂಗಸರ ಕೂಲಿಯ ಒಂದು ಪಾಲು ನಮ್ಮ ಮನೆಯ ಗೋಡೆಯಲ್ಲಿದೆ. ಕೆಲಸ ಇಲ್ಲಿಗೆ ಬರಬಾರದಿತ್ತು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಬಂದಾಗ ಆ ಮೆಟ್ಟಿಲನ್ನೂ ಜೊತೆಗೆ ತರಬೇಕಿತ್ತು, ಕೇಳಲು ಹೋಗುವ ದಾರಿಯನ್ನು. ಆ ರಾತ್ರಿ ಆ ವೈದ್ಯರಿಗೆ ಒಂದು ಫೋನು ಮಾಡುವ ಅವಕಾಶವಿದ್ದರೆ ಹದಿನೈದೋ ಐವತ್ತೋ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಅರ್ಧ ನಿಮಿಷ ದುಬಾರಿ ಎಂದು ಯಾರೋ ಎಲ್ಲೋ ತೀರ್ಮಾನಿಸಿದ್ದರು.

ಮುಂದೆ ನಮ್ಮ ಸರದಿ ಬಂತು. 2010ರ ಆಸುಪಾಸಿಗೆ ಕರೆ ಕೇಂದ್ರಗಳ ಕೆಲಸದಲ್ಲಿ ಫಿಲಿಪ್ಪೀನ್ಸ್ ನಮ್ಮನ್ನು ದಾಟಿತು. ಅಮೆರಿಕ 2009ರಲ್ಲಿ ತಂದ ಕಾನೂನಿನಿಂದ ಅಲ್ಲಿಯ ಆಸ್ಪತ್ರೆಗಳು ವಿದ್ಯುನ್ಮಾನ ದಾಖಲೆಗಳ ಕಡೆ ಓಡಿದವು. ಮಾತನ್ನು ಯಂತ್ರವೇ ಅಕ್ಷರ ಮಾಡತೊಡಗಿತು, ನಮಗೆ ತಿದ್ದುವ ಕೆಲಸ, ಅರ್ಧ ದರ. ಒಂದು ಶುಕ್ರವಾರ ನಮ್ಮ ಪಾಳಿಯವರನ್ನೆಲ್ಲ ಒಂದು ಕೋಣೆಗೆ ಕರೆದರು. ನಾನು ಬ್ಯಾಗಿನಲ್ಲಿ ಆ ಪೆನ್ನು ಇದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಈಗ ಹಳ್ಳಿಖೇಡದಿಂದಲೇ ದಿನಾ ಬೀದರಕ್ಕೆ ಹೋಗಿಬರುತ್ತೇನೆ. ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ. ವೈದ್ಯರು ಫೋನಿಗೆ ಹೇಳುತ್ತಾರೆ, ಯಂತ್ರ ಬರೆಯುತ್ತದೆ, ನಾನು ಕೇಳಿ ಓದುತ್ತೇನೆ. ಬೇಗ ಬರೆಯುತ್ತದೆ, ಬಹುಪಾಲು ಸರಿಯಾಗಿಯೇ ಬರೆಯುತ್ತದೆ. ಆದರೆ ಅದು ಎಂದೂ ಗೆರೆ ಬಿಡುವುದಿಲ್ಲ. ಕೇಳಿಸದ ಕಡೆಯೂ ಯಾವುದೋ ಒಂದು ಪದವನ್ನು ಧೈರ್ಯವಾಗಿ ಕೂರಿಸಿಬಿಡುತ್ತದೆ. ನಾನು ಆ ಪದ ಅಳಿಸಿ ಗೆರೆ ಎಳೆಯುತ್ತೇನೆ. ಮಧ್ಯಾಹ್ನ ಹೊರರೋಗಿಗಳ ಸಾಲು ಕರಗಿದ ಮೇಲೆ ಹಾಳೆಗಳನ್ನು ಹಿಡಿದು ಮೇಲಿನ ಮಹಡಿಗೆ ಹೋಗುತ್ತೇನೆ. ಇಪ್ಪತ್ತೆರಡು ಮೆಟ್ಟಿಲು. ಮೊಣಕಾಲು ನೋಯುತ್ತದೆ, ಆದರೂ ಹಾಳೆಯನ್ನು ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ.

ಡಾಕ್ಟರು ಬಾಗಿಲಲ್ಲಿ ನನ್ನನ್ನು ಕಂಡು ಕನ್ನಡಕ ತೆಗೆದು, “ಬರ್ರಿ ಅಕ್ಕೋರೆ. ಇವತ್ತೆಷ್ಟವ?” ಅನ್ನುತ್ತಾರೆ.

“ಎರಡವ ಸರ್,” ಎಂದು ಹಾಳೆ ಮುಂದಿಡುತ್ತೇನೆ.